ನೀಲಗಂಗಾಳ ಮೌನದಿನ

"ನೀ ಎಲ್ಲೇ ಕಳದ್ರೂ ನಾ ಹುಡುಕ್ತೀನಿ. ಯಾರನ್ನೂ ಕೇಳಂಗಿಲ್ಲ, ನಾನ ಹುಡುಕ್ತೀನಿ."

ಗದಿಗೆಪ್ಪ ಹೊಂಬಳ ಈ ಮಾತು ಕೊಟ್ಟಾಗ ಆರನೆಯ ಇಯತ್ತೆಯಲ್ಲಿದ್ದ. ಹುಬ್ಬಳ್ಳಿ ಸ್ಟೇಶನ್ ಹತ್ತಿರದ ಹಳೇ ಟಾಕೀಸಿನಲ್ಲಿ ಬೆಳಗಿನ ಆಟದ ಮಧ್ಯಂತರ. ತಲೆಯ ಮೇಲೆ ಪೇಪರಿನಲ್ಲಿ ಮಡಚಿದ ಟೋಪಿ, ತೊಡೆಯ ಮೇಲೆ ಸೇಂಗಾದ ಪೊಟ್ಟಣ, ಪಕ್ಕದ ಕುರ್ಚಿಯಲ್ಲಿ ಪಕ್ಕದ ಮನೆಯ ನೀಲಗಂಗಾ. ತೆರೆಯ ಮೇಲೆ ಅಲ್ಲಿಯವರೆಗೆ ಕಪ್ಪು ಬಿಳುಪಿನ ಪತ್ತೇದಾರನೊಬ್ಬ ಉದ್ದನೆಯ ಕೋಟು ತೊಟ್ಟು ಮಂಜಿನಲ್ಲಿ ಅಡ್ಡಾಡಿದ್ದ. ಹಣೆಯ ಮೇಲೆ ಒಂದೇ ಗುಂಗುರು ಕೂದಲು ಬಿಟ್ಟುಕೊಂಡ ನಾಯಕಿಯನ್ನು ಖಳರು ಆಗಷ್ಟೇ ಕಾರಿನಲ್ಲಿ ಹಾಕಿಕೊಂಡು ಹೋಗಿದ್ದರು.

"ಅಕಿ ಸಿಗಲಿಲ್ಲಂದ್ರ?" ಎಂದಳು ನೀಲಗಂಗಾ.

"ಸಿಗ್ತಾಳ. ಅಂವಾ ಪತ್ತೇದಾರ ಅದಾನಲ್ಲ."

"ನಾ ಕಳದ್ರ ಯಾರು ಹುಡುಕ್ತಾರ? ನಮ್ಮಪ್ಪಗ ಅಂಗಡಿ ಬಿಟ್ಟು ಬರಾಕ ಆಗೂದಿಲ್ಲ."

ಆಗ ಅವನು ಆ ಮಾತು ಕೊಟ್ಟ. ನೀಲಗಂಗಾ ಒಂದು ಸೇಂಗಾ ಕಾಳನ್ನು ಎರಡು ಹೋಳು ಮಾಡಿ, ಒಂದನ್ನು ತಾನು ತಿಂದು ಇನ್ನೊಂದನ್ನು ಅವನ ಬಾಯಿಗೆ ಹಾಕಿದಳು. ಅಲ್ಲಿಗೆ ಮಾತು ಪಕ್ಕಾ ಆಯಿತು. ಈ ಕತೆಯನ್ನು ಗದಿಗೆಪ್ಪ ಮದುವೆಯ ಊಟದಲ್ಲಿ ಹೇಳಿದ, ಮಗಳ ನಾಮಕರಣದಲ್ಲಿ ಹೇಳಿದ, ಬಂದುಹೋದ ಬೀಗರಿಗೆಲ್ಲ ಹೇಳಿದ. ಸಿನಿಮಾ ಬಿಟ್ಟ ಮೇಲೆ ನಡೆದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದು ತನ್ನ ಸರದಿ ಬಂದಾಗ ಬರುತ್ತದೆ.

ದೊಡ್ಡವನಾದ ಮೇಲೆ ಅವನು ನಿಜವಾಗಿಯೂ ಪತ್ತೇದಾರನೇ ಆದ. ಆದರೆ ಅವನ ಬೋರ್ಡಿನ ಬಣ್ಣ ಒಣಗಿ ಹೆಚ್ಚು ಕಾಲವಾಗಿರಲಿಲ್ಲ, ಅಷ್ಟರಲ್ಲೇ ಸಾಸಿವೆ ಬಂತು.

ಸರ್ಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಜನ ಸಾಸಿವೆ ಎಂದರು, ಯಾಕೆಂದರೆ ಅದು ಇದ್ದದ್ದೇ ಅಷ್ಟು: ಎಡಗೈ ಮಣಿಕಟ್ಟಿನ ಚರ್ಮದಡಿ ಪಿಂಗಾಣಿಯ ಒಂದು ಕಾಳು. ಬ್ಯಾಟರಿ ಇಲ್ಲ, ಮೈಯ ಬಿಸಿಯೇ ಅದಕ್ಕೆ ಊಟ. ಬೀದಿಯ ಕಂಬಗಳು ರೇಡಿಯೋ ಅಲೆಗಳಲ್ಲಿ 'ಯಾರಿದ್ದೀರಿ' ಎಂದು ಕೂಗುತ್ತಲೇ ಇರುತ್ತವೆ. ಸಾಸಿವೆ 'ನಾನಿದ್ದೇನೆ' ಎಂದು ತನ್ನ ಗುರುತು ಹೇಳುತ್ತದೆ. ಆ ಉತ್ತರ ಒಂದು ಕಂಬಕ್ಕೆ ಬೇಗ, ಇನ್ನೊಂದಕ್ಕೆ ಕೂದಲೆಳೆಯಷ್ಟು ತಡವಾಗಿ ಮುಟ್ಟುತ್ತದೆ. ಆ ಅಂತರದಿಂದಲೇ ಮನುಷ್ಯ ನಿಂತ ಜಾಗ ಗೊತ್ತಾಗುತ್ತದೆ. ಮನೆಯವರು ಒಪ್ಪಿಕೊಂಡಿದ್ದರೆ ಫೋನಿನ ನಕ್ಷೆಯಲ್ಲಿ ಒಬ್ಬರಿಗೊಬ್ಬರು ಚುಕ್ಕೆಯಾಗಿ ಕಾಣುತ್ತಾರೆ.

ಮೊದಮೊದಲು ಜನ ಗೊಣಗಿದರು. ಸಂತೆಯಲ್ಲಿ ಕೈತಪ್ಪಿದ ಮಗು ಅಳಲು ಶುರುಮಾಡುವ ಮೊದಲೇ ಸಿಕ್ಕತೊಡಗಿದಾಗ ಗೊಣಗುವುದನ್ನು ಬಿಟ್ಟರು. ಠಾಣೆಗಳಲ್ಲಿ ಕಾಣೆಯಾದವರ ಫಲಕದ ಮೇಲೆ ಸಿಬ್ಬಂದಿಯ ಕ್ರಿಕೆಟ್ ತಂಡದ ಫೋಟೋ ಬಂತು. ಮಾತಿನಲ್ಲೂ ಒಂದು ಬದಲಾವಣೆ ಆಯಿತು, ಯಾರ ಗಮನಕ್ಕೂ ಬಾರದೆ. 'ಊಟ ಆತೇನು' ಉಳಿಯಿತು. 'ಎಲ್ಲಿದ್ದಿ' ಹೋಯಿತು. ಗೊತ್ತಿರುವುದನ್ನು ಯಾರು ಕೇಳುತ್ತಾರೆ?

ಕಾನೂನಿನಲ್ಲಿ ಒಂದು ಸಣ್ಣ ಕಿಂಡಿ ಇತ್ತು. ವರ್ಷಕ್ಕೊಂದು ದಿನ ಯಾರು ಬೇಕಾದರೂ ತಮ್ಮ ಸಾಸಿವೆಯನ್ನು ಮೌನವಾಗಿಡಬಹುದು. ಆ ದಿನ ಕಂಬಕ್ಕೆ ಉತ್ತರ ಸಿಕ್ಕರೂ ಅದು ಅಲ್ಲೇ ಅಳಿಸಿಹೋಗುತ್ತದೆ. ಮನೆಯವರ ಫೋನಿನಲ್ಲಿ ಚುಕ್ಕೆಯ ಬದಲು 'ಮೌನ' ಎಂದಷ್ಟೇ ಬರುತ್ತದೆ. ಆದರೆ ಮೌನದಿನ ತೆಗೆದುಕೊಂಡವರು ಎಲ್ಲಿಗೆ ಹೋಗಿರಬಹುದು ಎಂಬುದರ ಬಗ್ಗೆ ಓಣಿಯವರ ಊಹೆ ಎಷ್ಟು ಸಮೃದ್ಧವಾಗಿರುತ್ತಿತ್ತೆಂದರೆ, ಯಾರೂ ಆ ಹಕ್ಕಿನ ತಂಟೆಗೆ ಹೋಗುತ್ತಿರಲಿಲ್ಲ.

ಯಾರೂ ಕಳೆದುಹೋಗದ ಊರಿನಲ್ಲಿ ಪತ್ತೇದಾರನ ಹೊಟ್ಟೆ ತುಂಬುವುದು ಹೇಗೆ? ದುರ್ಗದಬೈಲಿನಲ್ಲಿ ಕಲ್ಲವ್ವನ ಮಿರ್ಚಿ ಅಂಗಡಿಯ ಮೇಲಿನ ಮಾಳಿಗೆ ಅವನ ಆಫೀಸು. ಬಾಗಿಲಿಗೆ ಮಸುಕು ಗಾಜು, ಅದರ ಮೇಲೆ 'ಜಿ. ಹೊಂಬಳ, ಖಾಸಗಿ ಪತ್ತೇದಾರರು' ಎಂಬ ಅಕ್ಷರ. ಕೆಳಗಿನ ಎಣ್ಣೆಯ ಹೊಗೆ ಕಿಟಕಿಯಿಂದ ನುಗ್ಗಿ ಸಿನಿಮಾದ ಮಂಜಿನ ಕೆಲಸ ಮಾಡುತ್ತಿತ್ತು. ಗಾಜಿನಾಚೆ ಹೆಣ್ಣಿನ ನೆರಳು ಬಿದ್ದರೆ ಅವನ ಎದೆ ಈಗಲೂ ಧಸಕ್ಕೆನ್ನುತ್ತಿತ್ತು. ನೆರಳು ಒಳಬಂದು, ಸೆರಗಿನಿಂದ ಗಾಳಿ ಹಾಕಿಕೊಂಡು, "ನಮ್ಮ ಯಜಮಾನ್ರ ಬರ್ತ್‌ಡೇ ಐತ್ರಿ. ಅವರ್‍ನ ಹುಡುಕಬೇಕಾಗೇತಿ," ಎನ್ನುತ್ತಿತ್ತು.

ಅದೇ ಅವನ ಈಗಿನ ದಂಧೆ. ತಮ್ಮನ್ನು ಯಾರಾದರೂ ಹುಡುಕಲಿ ಎಂಬ ಆಸೆ ಜನರಲ್ಲಿ ಎಲ್ಲೋ ಉಳಿದಿತ್ತು. ಯಜಮಾನರು ನೃಪತುಂಗ ಬೆಟ್ಟದ ಮೇಲೋ ಉಣಕಲ್ ಕೆರೆಯ ದಂಡೆಯಲ್ಲೋ ಅಡಗಿ ಕೂರುವರು. ಮನೆಯವರು ಅವರ ಚುಕ್ಕೆಯನ್ನು ಮುಂಚೆಯೇ ಗದಿಗೆಪ್ಪನ ಫೋನಿಗೆ ಹಾಕಿಕೊಡುವರು. ಅವನು ಕೋಟು ಟೋಪಿ ಹಾಕಿಕೊಂಡು ಚಹಾದಂಗಡಿಯವರನ್ನು ಗದರಿಸಿ ವಿಚಾರಿಸಿದಂತೆ ಮಾಡಿ, ನೆಲದ ಮೇಲಿನ ಮಣ್ಣು ಮೂಸಿ, ಕೊನೆಗೆ ನೇರ ಚುಕ್ಕೆಯ ಮುಂದೆ ಹೋಗಿ ನಿಂತು ಟೋಪಿ ಎತ್ತುವನು. ಚಪ್ಪಾಳೆ, ಕೇಕು, ಫೋಟೋ. ನಿಜವಾಗಿ ಹುಡುಕಿ ಎಷ್ಟು ವರ್ಷವಾಯಿತೋ ಅವನಿಗೇ ಮರೆತಿತ್ತು.

ನೀಲಗಂಗಾ ಮೊದಲು ಸ್ಟೇಶನ್ನಿನಲ್ಲಿ ಗಾಡಿಗಳ ಘೋಷಣೆ ಮಾಡುತ್ತಿದ್ದಳು. ಆಮೇಲೆ ಅವಳ ದನಿಯ ತುಣುಕುಗಳನ್ನು ಜೋಡಿಸಿ ಯಂತ್ರವೇ ಹೇಳುವಂತಾಯಿತು. ಅವಳಿಗೆ ಆಫೀಸಿನೊಳಗಿನ ಕೆಲಸ ಕೊಟ್ಟರು. ಹೀಗಾಗಿ ಹುಬ್ಬಳ್ಳಿಯ ಆ ಎಷ್ಟು ನಡೆದರೂ ಮುಗಿಯದ ಪ್ಲಾಟ್‌ಫಾರ್ಮಿನ ತುಂಬ ದಿನವಿಡೀ ಅವಳೇ ಮಾತಾಡುತ್ತಿದ್ದಳು. ಮನೆಯಲ್ಲಿ ಮಾತ್ರ ಮಾತು ಕಡಿಮೆಯಾಗಿತ್ತು. ಕಳೆದ ತಿಂಗಳು ರೊಟ್ಟಿ ಬಡಿಯುತ್ತ ಹೇಳಿದ್ದಳು:

"ಮೈಸೂರಾಗ ಹೊಸಾ ದನಿ ರೆಕಾರ್ಡ್ ಮಾಡ್ತಾರಂತ್ರಿ, ಎಲ್ಲಾ ಸ್ಟೇಶನ್ನಿಗೂ. ನನ್ನ ಕರದಾರ. ಎರಡು ವರ್ಷದ ಕೆಲಸ."

"ನೋಡೂಣು," ಎಂದಿದ್ದ ಗದಿಗೆಪ್ಪ. ಅವನ ಕಣ್ಣು ಫೋನಿನಲ್ಲಿತ್ತು. ಮಗಳ ಶಾಲೆಯ ವ್ಯಾನು ಎಲ್ಲಿದೆ ಎಂದು ಚುಕ್ಕೆ ನೋಡುತ್ತಿದ್ದ. ನೋಡುವ ಮಾತು ಆಮೇಲೆ ಬರಲೇ ಇಲ್ಲ.

ಆ ದಿನ ಅವನು ಎದ್ದಾಗ ಮಂಚದ ತುದಿಯಲ್ಲಿ ಅವನ ಕೋಟು ಇಸ್ತ್ರಿಯಾಗಿ ಕುಳಿತಿತ್ತು. ಅದರ ಮೇಲೆ ಟೋಪಿ, ಧೂಳು ಒರೆಸಿದ್ದು.

ಜಿ. ಹೊಂಬಳ ಹುಬ್ಬು ಗಂಟಿಕ್ಕಿದರು. ಮನೆಗೆ ಯಾರೋ ಬಂದಿದ್ದಾರೆ. ಬಂದವರಿಗೆ ಇಸ್ತ್ರಿ ಪೆಟ್ಟಿಗೆಯ ಜಾಗ ಗೊತ್ತು. ಕಾಲರಿನ ಒಳಮಡಿಕೆಗೂ ಇಸ್ತ್ರಿ ತಾಗಿದೆ ಎಂದರೆ ಆ ವ್ಯಕ್ತಿ ತಾಳ್ಮೆಯುಳ್ಳವರು, ಬಲಗೈಯವರು—

"ಅಪ್ಪಾ, ಅವ್ವ ಮಾಡಿದ್ದು ಅದನ್ನ," ಎಂದಳು ಮಗಳು ವಚನಾ. ಶಾಲೆಯ ಸಮವಸ್ತ್ರದಲ್ಲಿ, ಎರಡು ಜಡೆಯಲ್ಲಿ ಒಂದನ್ನಷ್ಟೇ ಹೆಣೆದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಫೋನ್ ನೋಡು."

ನೋಡಿದ. ನೀಲಗಂಗಾಳ ಹೆಸರಿನ ಮುಂದೆ ಚುಕ್ಕೆ ಇರಲಿಲ್ಲ. 'ಮೌನ' ಎಂದಿತ್ತು. ಅವನು ಫೋನನ್ನು ಒಮ್ಮೆ ಅಂಗೈಗೆ ತಟ್ಟಿ ಮತ್ತೆ ನೋಡಿದ.

"ತಟ್ಟಿದ್ರ ಬರೂದಿಲ್ಲ," ಎಂದಳು ವಚನಾ. "ಅವ್ವ ಸಂಜಿ ಮೈಸೂರು ಗಾಡಿಗೆ ಟಿಕೀಟ್ ತಗಸ್ಯಾಳ. ಅಷ್ಟರಾಗ ನೀ ಹುಡುಕಿದ್ರ ಹೋಗೂದಿಲ್ಲಂತ. ಹುಡುಕಲಿಲ್ಲಂದ್ರ ಹೋಗಾಕಿ. ಪರೀಕ್ಷಾ ಮುಗದ ಮ್ಯಾಲೆ ನಾನೂ ಹೋಗಾಕಿ. ಸ್ಟೇಶನ್ನಿನ್ಯಾಗ ಹೋಗಿ ಕಾಯ್ಕೊಂತ ನಿಂತ್ರ ಅದು ಹುಡುಕಿದಂಗಲ್ಲಂತ. ಸಾಸಿವಿ ಆಫೀಸಿನ ಇಮಾಮ ಕಾಕಾನ ಕೇಳಿದ್ರಂತೂ ಮುಗೀತು ಅಂದಾಳ."

"ನಿನಗ ಗೊತ್ತೈತೇನು ಎಲ್ಲಿ ಹೋಗ್ಯಾಳಂತ?"

"ನನ್ನ ಕೇಳಬ್ಯಾಡ. ನೀ ಸಣ್ಣಾಂವಿದ್ದಾಗ ಯಾರನ್ನೂ ಕೇಳಂಗಿಲ್ಲ ಅಂದಿದ್ದಿ, ಹೌದಿಲ್ಲೋ? ಬೀಗರಿಗೆಲ್ಲಾ ನೀನ ಹೇಳ್ತೀಯಲ್ಲ."

ಗದಿಗೆಪ್ಪ ಮಗಳ ಎರಡನೆಯ ಜಡೆ ಹೆಣೆಯತೊಡಗಿದ. ಒಂದು ಮೇಲೆ ಒಂದು ಕೆಳಗೆ ಆಯಿತು. ವಚನಾ ಕನ್ನಡಿ ನೋಡಿಕೊಂಡಳು. ಡಬ್ಬಿ ಎತ್ತಿಕೊಂಡಳು, ವ್ಯಾನಿನ ಹಾರ್ನಿಗೆ ಓಡಿದಳು, ಮೆಟ್ಟಿಲಿನಿಂದ ಒಮ್ಮೆ ತಿರುಗಿ ಹೇಳಿದಳು: "ಅಪ್ಪಾ, ಬರೋಬ್ಬರಿ ಹುಡುಕು."

ಹುಬ್ಬಳ್ಳಿಯ ಏಪ್ರಿಲ್ಲಿನಲ್ಲಿ ಉಣ್ಣೆಯ ಕೋಟು ತೊಟ್ಟು ನಡೆಯುವವನಿಗೆ ಬೇರೆ ಶತ್ರು ಬೇಕಾಗಿಲ್ಲ. ಆದರೂ ಅವನು ಗುಂಡಿ ಹಾಕಿಕೊಂಡೇ ಹೊರಟ. ಅವಳು ಇಸ್ತ್ರಿ ಮಾಡಿಟ್ಟಿದ್ದಳಲ್ಲ.

ಮೊದಲು ಟಾಕೀಸು. ಮಾತು ಕೊಟ್ಟ ಜಾಗ. ಇಷ್ಟೂ ಹೊಳೆಯದಿದ್ದರೆ ಪತ್ತೇದಾರನೆಂಬ ಬೋರ್ಡು ಯಾಕೆ? ಟಾಕೀಸು ಈಗ ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡ. ಅವನು ಮಹಡಿ ಮಹಡಿ ಹತ್ತಿ, ಕಾರುಗಳ ನಡುವೆ ಬಗ್ಗಿ ಬಗ್ಗಿ ನೋಡಿದ. ಮೇಲಿನ ತಾರಸಿಯಲ್ಲಿ ಕಾವಲುಗಾರನೊಬ್ಬ ಎದ್ದು ನಿಂತು ಸೆಲ್ಯೂಟ್ ಹೊಡೆದ.

"ಯಾರ ಬರ್ತ್‌ಡೇ ಸರ? ಇಲ್ಲೆ ಯಾರೂ ಬಂದಿಲ್ರಿ. ಕೆಳಗಿನ ಮಹಡ್ಯಾಗ ಒಂದ್ ಬೆಕ್ಕೈತಿ."

"ಒಬ್ಬ ಹೆಣ್ಮಗಳು ಬಂದಿದ್ದಳೇನು?"

"ಹೆಂಗದಾರ್ರಿ ಅವರು?"

ಗದಿಗೆಪ್ಪ ಬಾಯಿ ತೆರೆದ. ಸಿನಿಮಾದ ಪತ್ತೇದಾರ ಇಂಥ ಪ್ರಶ್ನೆಗೆ ಒಂದೇ ಉಸಿರಿಗೆ ಎತ್ತರ, ಮೈಬಣ್ಣ, ಕಿವಿಯ ಓಲೆ ಎಲ್ಲ ಹೇಳಿಬಿಡುತ್ತಿದ್ದ. ಅವನಿಗೆ ಕಣ್ಣ ಮುಂದೆ ಬಂದದ್ದು ನಕ್ಷೆಯ ಮೇಲಿನ ಹಸಿರು ಚುಕ್ಕೆ. ಕೂದಲು ಬೆಳ್ಳಗಾಗಿದೆಯೆ? ಬಣ್ಣ ಹಚ್ಚುತ್ತಾಳೆಯೆ? ಕನ್ನಡಕ ಓದುವಾಗ ಮಾತ್ರವೋ ಯಾವಾಗಲೂ ಹಾಕುತ್ತಾಳೋ?

"ಸಾಧಾರಣ ಎತ್ತರ," ಎಂದ. ಅಷ್ಟು ಹೇಳಲಿಕ್ಕೆ ಸುಸ್ತಾಯಿತು.

ಅಲ್ಲಿಂದ ದುರ್ಗದಬೈಲಿಗೆ ಬಂದ. ಕಲ್ಲವ್ವ ಬಾಣಲೆಯ ಮುಂದೆ ಕೂತು ಮೆಣಸಿನಕಾಯಿ ಸೀಳುತ್ತಿದ್ದಳು. ಓಣಿಯ ಸುದ್ದಿಯೆಲ್ಲ ಅವಳ ಎಣ್ಣೆಯಲ್ಲಿ ಮುಳುಗೆದ್ದು ಹೋಗುತ್ತಿತ್ತು. ಗದಿಗೆಪ್ಪ ಟೋಪಿಯನ್ನು ಕಣ್ಣ ಮೇಲೆ ಎಳೆದುಕೊಂಡು ಕಟ್ಟೆಗೆ ಒರಗಿದ.

"ಕಲ್ಲಕ್ಕಾ, ನಮ್ಮಾಕಿನ ಎಲ್ಲರೆ ಕಂಡಿ?"

"ಅಯ್ಯ ಶಿವನ! ನಿಮ್ಮಾಕಿನ ನೀವ ಕಳಕೊಂಡ್ರೇನು? ಊರ ಮಂದೀನೆಲ್ಲಾ ಹುಡುಕಿ ಹುಡುಕಿ ಕೇಕ್ ತಿಂದ್ರಿ."

"ಚ್ಯಾಷ್ಟಿ ಬ್ಯಾಡ ಅಕ್ಕಾ. ಮೌನದಿನ ತಗೊಂಡಾಳ."

ಕಲ್ಲವ್ವ ಕೈ ನಿಲ್ಲಿಸಿದಳು. ಒಮ್ಮೆ ತಲೆ ಎತ್ತಿ ಮಾಳಿಗೆಯ ಕಡೆ ನೋಡಿದಳು. ಹೊಗೆ ಸರಿಯಾಗಿ ಹೋಗುತ್ತಿದೆಯೋ ಎಂದು ನೋಡುತ್ತಿದ್ದಾಳೆಂದು ಗದಿಗೆಪ್ಪ ತಿಳಿದ.

"ಒಂದ್ ಮಾತ್ ಹೇಳ್ಲ್ಯಾ ಸಾಹೇಬ್ರ? ನಿಮ್ಮಾಕಿ ಆಗಾಗ ಡ್ಯೂಟಿ ಮುಗಿಸ್ಕೊಂಡು ಇಲ್ಲೇ ಬರ್ತಿದ್ದರು. ಎರಡ್ ಮಿರ್ಚಿ ಹೇಳೂದು, ಈ ಕಂಬಕ್ಕ ಆತು ನಿಂತು ತಿನ್ನೂದು. ಒಂದ ತಿಂದು, ಇನ್ನೊಂದು ಆರೂತನ ಹಿಡ್ಕೊಂಡ ನಿಲ್ಲೂದು."

"ಇಲ್ಲೆ? ಮ್ಯಾಲೆ ಯಾಕ ಬರಲಿಲ್ಲ?"

"ನಾನೂ ಅದನ್ನ ಕೇಳಿದ್ಯಾ. ಮ್ಯಾಲೆ ಹೋಗ್ರಿ ಬಾಯಾರ, ಸಾಹೇಬ್ರ ಅದಾರ ಅಂದ್ರ, 'ಅವರಿಗೆ ನಾ ಇಲ್ಲೆ ನಿಂತದ್ದು ಕಾಣಸ್ತೈತಿ ಕಲ್ಲಕ್ಕಾ. ಬೇಕಂದ್ರ ಇಳದು ಬರ್ತಾರ' ಅಂತಿದ್ರು. ನೀವು ಇಳೀಲಿಲ್ಲ. ಆಮ್ಯಾಲೆ ಆ ಎರಡನೇದೂ ಅವರ ತಿಂದು ಹೋಗ್ತಿದ್ರು."

ಕಾಣಿಸುತ್ತಿತ್ತು. ಅವನಿಗೆ ನೆನಪಿತ್ತು. ಎಷ್ಟೋ ಸಂಜೆ ಫೋನು ತೆಗೆದಾಗ ಅವಳ ಚುಕ್ಕೆ ಅವನ ಚುಕ್ಕೆಯ ಮೇಲೇ ಕೂತಿರುತ್ತಿತ್ತು. ಎರಡೂ ಸೇರಿ ಒಂದೇ ಆಗಿ ಕಾಣುತ್ತಿದ್ದವು. ಹತ್ತಿರವೇ ಇದ್ದಾಳೆ, ಚಿಂತೆಯಿಲ್ಲ, ಎಂದುಕೊಂಡು ಫೋನು ಕೆಳಗಿಟ್ಟು ಕುರ್ಚಿಯಲ್ಲಿ ಕಾಲು ಚಾಚುತ್ತಿದ್ದ. ನಕ್ಷೆಗೆ ಎತ್ತರ ಗೊತ್ತಿರಲಿಲ್ಲ, ನಡುವೆ ಮೆಟ್ಟಿಲಿರುವುದೂ ಗೊತ್ತಿರಲಿಲ್ಲ.

ಕಲ್ಲವ್ವ ಕಾಗದದಲ್ಲಿ ಎರಡು ಮಿರ್ಚಿ ಸುತ್ತಿ ಅವನ ಕೋಟಿನ ಜೇಬಿಗೆ ತುರುಕಿದಳು. "ಹೋಗ್ರಿ, ಹುಡುಕ್ರಿ. ಆದ್ರ ಹಂಗ ಓಡಬ್ಯಾಡ್ರಿ. ಹತ್ತರದಾಗೂ ಒಂಚೂರು ನೋಡ್ರಿ."

ಅವನು ಓಡಿದ.

ಉಣಕಲ್ ಕೆರೆಯ ದಂಡೆಗೆ ಹೋದ. ಕೋಟು ಕಂಡದ್ದೇ ಅಲ್ಲಿದ್ದ ಮಂದಿ ಎದ್ದು ಸುತ್ತ ನೆರೆದರು, ಫೋನು ಹಿಡಿದರು, ಮಣ್ಣು ಮೂಸಲಿ ಎಂದು ಕಾದರು. ಅವನು ಮೂಸಲಿಲ್ಲ. "ನನ್ನ ಹೆಂಡ್ತಿ ಕಾಣವಲ್ಲಳು," ಎಂದ. ಎಂಥ ಅಭಿನಯ ಎಂದು ಅವರು ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಬೆಟ್ಟ ಹತ್ತಿದ. ಅವಳ ತವರಿನ ಓಣಿಯಲ್ಲಿ ಸುತ್ತಿದ. ಮೊದಲ ಸಲ ಜೊತೆಗೆ ಐಸ್‌ಕ್ರೀಂ ತಿಂದ ಮೂಲೆಯಲ್ಲಿ ನಿಂತ. ಅಲ್ಲಿ ಈಗ ಚಪ್ಪಲಿ ಮಾರುತ್ತಿದ್ದರು. ಎಲ್ಲವೂ ಅವರಿಬ್ಬರೂ ಸಣ್ಣವರಿದ್ದಾಗಿನ ಜಾಗಗಳು. ಈಗಿನ ನೀಲಗಂಗಾ ಬಿಡುವಾದಾಗ ಎಲ್ಲಿಗೆ ಹೋಗಲು ಆಸೆಪಡುತ್ತಾಳೆ? ಅವನಿಗೆ ಅಂಥ ಒಂದೇ ಒಂದು ಜಾಗದ ಹೆಸರು ಹೊಳೆಯಲಿಲ್ಲ. ಹೊಳೆದದ್ದು ಕಲ್ಲವ್ವನ ಕಂಬ, ಅದೂ ಆಗಷ್ಟೇ ಬೇರೆಯವರ ಬಾಯಿಂದ ಕೇಳಿದ್ದು.

ಬಿಸಿಲು ಇಳಿಯತೊಡಗಿದಾಗ ಅವನು ಸಾಸಿವೆ ಆಫೀಸಿನ ಗೇಟಿನ ಮುಂದೆ ನಿಂತಿದ್ದ. ಬರಬಾರದೆಂದೇ ಎರಡು ಸಲ ದಾಟಿ ಹೋದ. ಮೂರನೆಯ ಸಲ ಒಳಗೆ ಹೋದ.

ನಿಯಂತ್ರಣ ಕೋಣೆ ತಣ್ಣಗಿತ್ತು. ಗೋಡೆಯ ತುಂಬ ಹುಬ್ಬಳ್ಳಿ, ಕತ್ತಲೆಯಲ್ಲಿ ಯಾರೋ ರಾಗಿ ಚೆಲ್ಲಿದಂತೆ ಹೊಳೆಯುವ ಚುಕ್ಕೆಗಳು. ಅದರ ಮುಂದೆ ಇಮಾಮಹುಸೇನ ನದಾಫ, ಗದಿಗೆಪ್ಪನ ಶಾಲೆಯ ಗೆಳೆಯ, ಡಬ್ಬಿಯಲ್ಲಿ ಉಳಿದ ಅನ್ನ ಬಳಿಯುತ್ತಿದ್ದ.

"ಏನಲೇ, ಈ ಬಿಸಲಾಗ ಕೋಟು? ಹುಚ್ಚ ಹಿಡದೈತೇನು?"

"ಇಮಾಮಾ, ನೀಲಾ ಎಲ್ಲಿದ್ದಾಳ ನೋಡು."

ಇಮಾಮ ಒಂದೆರಡು ಗುಂಡಿ ಒತ್ತಿ, ಡಬ್ಬಿಯ ಮುಚ್ಚಳ ಹಾಕಿದ. "ಮೌನ ಐತಪಾ. ನನಗೂ ಕಾಣೂದಿಲ್ಲ. ಮಂತ್ರಿ ಬಂದು ಕುಂತ್ರೂ ಕಾಣೂದಿಲ್ಲ. ಕಂಬ ಕೇಳ್ತೈತಿ, ಅಲ್ಲೇ ಮರೀತೈತಿ. ಹಂಗ ಮಾಡೇವಿ ಇದನ್ನ."

"ಏನರೆ ದಾರಿ ಇರಬೇಕಲ್ಲೋ."

"ಇಲ್ಲ." ಇಮಾಮ ಗೆಳೆಯನ ಮುಖ ನೋಡಿದ. ಬೆವರು ಟೋಪಿಯ ಅಂಚಿನಿಂದ ಇಳಿಯುತ್ತಿತ್ತು. ಅವನಿಗೆ ಪಾಪ ಅನ್ನಿಸಿರಬೇಕು; ಇನ್ನೇನಾದರೂ ತೋರಿಸೋಣವೆಂದು ಗದಿಗೆಪ್ಪನದೇ ಹೆಸರು ಒತ್ತಿದ. ಒತ್ತಿದವನು ಮುಂದಕ್ಕೆ ಬಗ್ಗಿದ. "ಇದೇನೋ? ನಿನ್ನ ಸಾಸಿವಿಗೆ ಇವತ್ತ ಒಂದ್ ನಿಮಿಷಾನೂ ಪುರಸೊತ್ತಿಲ್ಲ."

"ಅಂದ್ರ?"

"ಮುಂಜಾನಿಂದ ಯಾರೋ ನಿನ್ನ ಚುಕ್ಕಿ ಕೇಳಾಕತ್ತಾರ. ಬಿಟ್ಟೂ ಬಿಡದ. ಪಾರ್ಕಿಂಗಿನ್ಯಾಗ ಇದ್ದಾಗ ಕೇಳ್ಯಾರ, ಕೆರಿ ದಂಡಿಗೆ ಕೇಳ್ಯಾರ, ಬೆಟ್ಟದ ಮ್ಯಾಲೆ ಕೇಳ್ಯಾರ. ಇಷ್ಟು ಸಲ ಮಂತ್ರಿ ಚುಕ್ಕಿನೂ ಯಾರೂ ಕೇಳೂದಿಲ್ಲಲೇ."

ಗದಿಗೆಪ್ಪನ ಚುಕ್ಕೆ ನೋಡಲು ಒಪ್ಪಿಗೆ ಇದ್ದದ್ದು ಇಬ್ಬರಿಗೆ, ಹೆಂಡತಿಗೆ ಮತ್ತು ಮಗಳಿಗೆ. ತರಗತಿ ಮುಗಿಯುವತನಕ ವಚನಾಳ ಫೋನು ಶಾಲೆಯ ಬೀಗದ ಪೆಟ್ಟಿಗೆಯಲ್ಲಿರುತ್ತಿತ್ತು.

ಅವನು ಪಕ್ಕದ ಕುರ್ಚಿಯಲ್ಲಿ ಕುಸಿದ. ಸಿನಿಮಾದಲ್ಲಿ ಒಂದು ಹಂತ ಬರುತ್ತದೆ: ತಾನು ಬೆನ್ನು ಹತ್ತಿದ್ದೇನೆಂದು ತಿಳಿದಿದ್ದ ಪತ್ತೇದಾರನಿಗೆ, ತನ್ನ ಬೆನ್ನ ಹಿಂದೆಯೇ ಹೆಜ್ಜೆಯ ಸದ್ದು ಕೇಳುತ್ತದೆ. ಅವಳು ದಿನವಿಡೀ ಅವನ ಜೊತೆಗಿದ್ದಳು. ಅವನು ಟಾಕೀಸಿನ ಮಹಡಿ ಹತ್ತಿದ್ದನ್ನು ನೋಡಿದ್ದಳು. ಐಸ್‌ಕ್ರೀಂ ಮೂಲೆಯಲ್ಲಿ ನಿಂತದ್ದನ್ನು ನೋಡಿ ಏನೆಂದುಕೊಂಡಳೋ. ಎಲ್ಲೋ ಒಂದು ಕಡೆ ಕೂತು, ಇಂವಾ ಇನ್ನೆಲ್ಲಿಗೆ ಹೋಗುತ್ತಾನೆ, ನನ್ನ ಬಗ್ಗೆ ಇನ್ನೇನು ನೆನಪಿದೆ ಇವನಿಗೆ ಎಂದು ಒಂದೊಂದು ತಿರುವಿಗೂ ಉಸಿರು ಬಿಗಿಹಿಡಿದು—

"ಈಗ?" ಎಂದ. "ಈಗೂ ಕೇಳಾಕತ್ತಾಳೇನು?"

ಇಮಾಮ ತೆರೆ ನೋಡಿದ.

"ನಿಂತತಿ," ಎಂದ. "ನೀ ಗೇಟ್ ಒಳಗ ಬಂದ ಕೂಡ್ಲೆ ನಿಂತತಿ."

ಇಬ್ಬರೂ ಗೋಡೆಯ ಮೇಲಿನ ಊರನ್ನು ನೋಡುತ್ತ ಕೂತರು. ಅಷ್ಟು ಚುಕ್ಕೆಗಳಲ್ಲಿ ಒಂದು ಇರಲಿಲ್ಲ; ಇಲ್ಲದಿರುವುದೂ ಕಾಣುತ್ತಿರಲಿಲ್ಲ, ಎಲ್ಲೂ ಖಾಲಿ ಜಾಗವಿಲ್ಲದಂತೆ ಊರು ಮಿನುಗುತ್ತಿತ್ತು.

"ಯಾರಾದ್ರೂ ನನ್ನ ಹುಡುಕಲಿ ಅಂತ ನಿನಗ ಯಾವಾಗರೆ ಅನಿಸೇತೇನು?" ಗದಿಗೆಪ್ಪ ಕೇಳಿದ.

"ನನಗ? ಇಲ್ಲೇ ಕುಂತಿರ್ತೀನಲ್ಲೋ. ಎಲ್ಲಾರಿಗೂ ಗೊತ್ತೈತಿ." ಇಮಾಮ ಡಬ್ಬಿಯ ಮೇಲೆ ಬೆರಳಾಡಿಸುತ್ತ ಹೇಳಿದ, "ಒಮ್ಮೊಮ್ಮೆ ಅನಿಸ್ತೈತಿ."

ಗದಿಗೆಪ್ಪ ಎದ್ದ. ಫೋನು ತೆಗೆದು ತನ್ನದೇ ಹೆಸರು ಒತ್ತಿದ. 'ಮೌನದಿನ ಬೇಕೆ?' ಎಂದು ಕೇಳಿತು. ಬೇಕೆಂದ.

ಗೋಡೆಯ ಮೇಲೆ ಇಮಾಮನ ಪಕ್ಕದಲ್ಲಿದ್ದ ಚುಕ್ಕೆ ಆರಿತು.

"ಏ, ಏನ್ ಮಾಡಿದ್ಯೋ? ಅಕಿ ಇನ್ನೊಮ್ಮೆ ನೋಡಿದ್ರ ನೀನೂ ಕಾಣೂದಿಲ್ಲ."

"ಗೊತ್ತೈತಿ," ಎಂದು ಹೊರಬಿದ್ದ.

ಎಲ್ಲಿಗೆ ಹೋಗುತ್ತಿದ್ದೇನೆಂದು ಅವನು ಯೋಚಿಸಿರಲಿಲ್ಲ. ಬೀದಿಯಲ್ಲಿ ನಡೆಯುವಾಗ ಏನೋ ಹಗುರ, ಏನೋ ಭಯ. ಮೈಮೇಲೆ ಅಂಗಿಯಿಲ್ಲದೆ ಹೊರಬಂದಂತೆ. ಈ ಕ್ಷಣಕ್ಕೆ ತಾನು ಎಲ್ಲಿದ್ದೇನೆಂದು ಲೋಕದಲ್ಲಿ ಒಂದು ಜೀವಕ್ಕೂ ಗೊತ್ತಿಲ್ಲ. ಇಂಥದೇ ಭಯ ಹಿಂದೆ ಒಮ್ಮೆ ಆಗಿತ್ತು. ಕಾಲು ತಾನಾಗಿ ಆ ಕಡೆ ತಿರುಗಿತು.

ಇನ್ನು ಆ ಸರದಿ ಬಂತು. ಅಂದು ಸಿನಿಮಾ ಬಿಟ್ಟಾಗ ಆರನೆಯ ಇಯತ್ತೆಯ ಪತ್ತೇದಾರ ತಪ್ಪು ಬಾಗಿಲಿನಿಂದ ಹೊರಬಿದ್ದಿದ್ದ. ಮಂದಿ ದೂಡಿದ ಕಡೆಗೆಲ್ಲ ಹೋಗಿ, ಟಾಕೀಸಿನ ಹಿಂದಿನ ಸೈಕಲ್ ಸ್ಟ್ಯಾಂಡಿಗೆ ಬಂದಿದ್ದ. ನೀಲಗಂಗಾ ಇಲ್ಲ, ಗುರುತಿನವರು ಯಾರೂ ಇಲ್ಲ. ಸೈಕಲ್ಲುಗಳ ಸಾಲಿನ ಹಿಂದೆ, ಪೇಪರ್ ಟೋಪಿ ಕಣ್ಣೀರಿಗೆ ನೆನೆದು ಮೂಗಿನ ಮೇಲೆ ಇಳಿದುಬಂದಿದ್ದರೂ ತೆಗೆಯದೆ, ಅಳುತ್ತ ಕೂತಿದ್ದ. ಹಾಗೆ ಕೂತಿದ್ದಾಗ ಎರಡು ರಬ್ಬರ್ ಚಪ್ಪಲಿ ಬಂದು ಎದುರು ನಿಂತವು. "ಪತ್ತೇದಾರ್ರ, ಏಳ್ರಿ," ಎಂದಿತ್ತು ಮೇಲಿನಿಂದ ಒಂದು ದನಿ. "ಮನಿಗೆ ಹೋಗೂಣು." ಇದನ್ನು ಅವನು ಮುಚ್ಚಿಟ್ಟ. ಅವಳೂ ಎಂದೂ ಎತ್ತಿ ಆಡಲಿಲ್ಲ.

ಸೈಕಲ್ ಸ್ಟ್ಯಾಂಡು ಇನ್ನೂ ಇತ್ತು, ಕಾರುಗಳ ಕಟ್ಟಡದ ಹಿಂದೆ, ಯಾರಿಗೂ ಬೇಡವಾಗಿ. ತಗಡಿನ ಚಪ್ಪರ, ತುಕ್ಕು ಹಿಡಿದ ಕೊಂಡಿಗಳು, ಮೂಲೆಯಲ್ಲಿ ಗಾಲಿಯಿಲ್ಲದ ಸೈಕಲ್ಲುಗಳ ಗುಂಪು. ಬೆಳಿಗ್ಗೆ ಇದೇ ಕಟ್ಟಡವನ್ನು ತಳದಿಂದ ತಾರಸಿಯವರೆಗೆ ಜಾಲಾಡಿದ್ದ, ಹಿಂದಕ್ಕೆ ಬಂದಿರಲಿಲ್ಲ. ಅವನು ಕಂಬಕ್ಕೆ ಒರಗಿ ನೆಲದ ಮೇಲೆ ಕೂತ. ಜೇಬಿನ ಮಿರ್ಚಿ ತಣ್ಣಗಾಗಿ ಕೋಟಿಗೆ ಎಣ್ಣೆ ಇಳಿದಿತ್ತು. ಅದೊಂದು ಕಲೆ ಅವಳಿಗೆ ಕಾಣದಿರಲಿ ಎಂದು ಕೈಯಿಂದ ಮುಚ್ಚಿದ.

ಸ್ಟೇಶನ್ ಅಲ್ಲಿಂದ ಕೂಗಳತೆ. ಗಾಳಿ ತಿರುಗಿದಾಗೊಮ್ಮೆ ಅವಳ ದನಿ ಬರುತ್ತಿತ್ತು. ಪ್ರಯಾಣಿಕರ ಗಮನಕ್ಕೆ. ದಯವಿಟ್ಟು ಗಮನಿಸಿ. ಎಷ್ಟು ಸ್ಪಷ್ಟ, ಎಷ್ಟು ಮರ್ಯಾದೆ, ಯಾರಿಗೂ ಅಲ್ಲದ ಮಾತು. ಅವನು ಕಣ್ಣು ಮುಚ್ಚಿ ಕೇಳಿದ. ಈ ದನಿ ಕೊಟ್ಟಾಗ ಅವಳಿಗೆ ಮೂವತ್ತೂ ಆಗಿರಲಿಲ್ಲ. ಮಧ್ಯದಲ್ಲಿ ಒಂದು ಕಡೆ ನಗು ತಡೆದುಕೊಂಡದ್ದು ಗೊತ್ತಾಗುತ್ತಿತ್ತು. ಆ ದಿನ ಕಿಟಕಿಯಾಚೆ ನಿಂತು ಅವನೇ ಕೋಡಂಗಿಯಂತೆ ಮುಖ ಮಾಡಿದ್ದ. ಅಷ್ಟೂ ವರ್ಷ ಅಷ್ಟೂ ಗಾಡಿಗಳಿಗೆ ಆ ತಡೆದ ನಗುವೇ ಹೋಗುತ್ತಿತ್ತು.

ಮೈಸೂರು ಗಾಡಿಯ ಹೆಸರು ಬಂತು. ಸ್ವಲ್ಪ ತಡವಾಗಿ ಹೊರಡುತ್ತದೆ, ಅಡಚಣೆಗಾಗಿ ವಿಷಾದಿಸುತ್ತೇವೆ ಎಂದಿತು. ಅವನು ಏಳಲಿಲ್ಲ. ಸ್ಟೇಶನ್ನಿಗೆ ಹೋಗಿ ನಿಂತರೆ ಅದು ಹುಡುಕಿದಂತಲ್ಲ.

ಚಪ್ಪರದ ನೆರಳು ಉದ್ದವಾಗಿ ಗೋಡೆ ಹತ್ತುವ ಹೊತ್ತಿಗೆ ಅವನ ಎದುರು ಎರಡು ಚಪ್ಪಲಿ ಬಂದು ನಿಂತವು. ಪಕ್ಕದಲ್ಲಿ ಗಾಲಿಯ ಸೂಟ್‌ಕೇಸು.

"ಪತ್ತೇದಾರ್ರ, ಏಳ್ರಿ."

ಅವನು ತಲೆ ಎತ್ತಿದ. ಬೂದು ಬಣ್ಣದ ಇಳಕಲ್ ಸೀರೆ, ಕೆಂಪು ಸೆರಗು. ಕಿವಿಯ ಹಿಂದೆ ಬಿಳಿಕೂದಲು, ಬಣ್ಣ ಹಚ್ಚುವುದಿಲ್ಲ. ಕನ್ನಡಕ ಕುತ್ತಿಗೆಯಲ್ಲಿ ದಾರಕ್ಕೆ ಜೋತಿದೆ. ಓಡಿ ಬಂದಿದ್ದಾಳೆ; ಉಸಿರು ಇನ್ನೂ ಹತೋಟಿಗೆ ಬಂದಿಲ್ಲ. ಬೆಳಗಿನ ಕಾವಲುಗಾರ ಈಗ ಕೇಳಿದರೆ ಎಲ್ಲ ಹೇಳಬಲ್ಲೆನೆಂದುಕೊಂಡ.

"ಎಲ್ಲಿದ್ದಿ?" ಎಂದ.

ನೀಲಗಂಗಾ ಆ ಪ್ರಶ್ನೆಯನ್ನು ಒಂದು ಕ್ಷಣ ಕೇಳಿಸಿಕೊಂಡಳು, ದೂರದಿಂದ ಬರುವ ಗಾಡಿಯ ಸದ್ದು ಕೇಳಿಸಿಕೊಂಡ ಹಾಗೆ. ಆಮೇಲೆ ಸೂಟ್‌ಕೇಸಿನ ಮೇಲೆ ಕುಳಿತಳು.

"ನಿಮ್ಮ ಆಫೀಸಿನ್ಯಾಗ."

"ಆಂ?"

"ಮುಂಜಾನಿಂದ. ಗಿರಾಕಿ ಕುರ್ಚ್ಯಾಗ. ಸಿನಿಮಾದಾಗ ಹಂಗ ಅಲ್ಲೇನ್ರಿ? ಹೆಣ್ಮಗಳು ಬಂದು ಪತ್ತೇದಾರನ ಮುಂದ ಕುಂದರ್ತಾಳ, ತನ್ನ ಕಷ್ಟಾ ಹೇಳ್ತಾಳ. ನಾನೂ ಹೇಳೂಣಂತ ಬಂದು ಕುಂತಿದ್ದೆ. ನೀವು ಕೆಳಗ ಬಂದ್ರಿ. ನಿಮ್ಮ ಚುಕ್ಕಿ ನಾ ಕುಂತ ಜಾಗಾಕ್ಕ ಬಂತು. ನೀವು ಕಲ್ಲಕ್ಕನ ಕೂಡ ಮಾತಾಡೂದು ಕಿಡಕ್ಯಾಗಿಂದ ಕೇಳಸ್ತಿತ್ತು. ಮೆಟ್ಟಲಾ ಹತ್ತತಾರ ಅಂತ ಸೆರಗ ಸರಿ ಮಾಡ್ಕೊಂಡೆ." ಅವಳು ನಕ್ಕಳು. ಅದೇ ತಡೆದ ನಗು. "ಓಡಿ ಹೋದ್ರಿ ನೋಡ್ರಿ, ಕೋಟ್ ಹಾರಿಸ್ಕೊಂತ!"

ಗದಿಗೆಪ್ಪನೂ ನಗಲು ಹೋದ. ಬಾಯಿ ವಕ್ರವಾಯಿತು.

"ಇಮಾಮನ ಕಡೆ ಹೋಗಿದ್ದೆ," ಎಂದ.

"ನೋಡಿದೆ."

"ಆಮ್ಯಾಲೆ ನೋಡೂದು ಬಿಟ್ಟಿ."

"ಬಿಟ್ಟೆ. ಫೋನು ಚೀಲದಾಗ ಹಾಕಿ ಸ್ಟೇಶನ್ನಿಗೆ ಹೊಂಟೆ. ಮತ್ತ ತಡೀಲಾರದ ಒಮ್ಮೆ ನೋಡಿದೆ. ಮೌನ ಅಂತ ಬಂತು." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಎದಿ ಝಲ್ ಅಂತು. ಇಂವಾ ಎಲ್ಲಿ ಹೋದ, ಏನಾತು. ಈ ಗದ್ದಲದಾಗ ಎಲ್ಲಿ ಹೋಗಿ ಹುಡುಕ್ಲಿ. ರಿಕ್ಷಾದಾಂವ ಎಲ್ಲಿಗ್ರಿ ಅಂದ. ಸೈಕಲ್ ಸ್ಟ್ಯಾಂಡ್ ಅಂದೆ. ನನಗ ಗೊತ್ತಿಲ್ಲದಂಗ ಅಂದೆ."

ಗದಿಗೆಪ್ಪ ಜೇಬಿನಿಂದ ಪೊಟ್ಟಣ ತೆಗೆದ. ಎರಡು ಮಿರ್ಚಿ, ಚಪ್ಪಟೆಯಾಗಿ ಒಂದಕ್ಕೊಂದು ಅಂಟಿದ್ದವು. ಬಿಡಿಸಿ ಒಂದನ್ನು ಅವಳಿಗೆ ಕೊಟ್ಟ. ಇಬ್ಬರೂ ತಿಂದರು. ಅವಳ ಕಣ್ಣು ಅವನ ಕೋಟಿನ ಎಣ್ಣೆ ಕಲೆಯ ಮೇಲೆ ಹೋಯಿತು.

ಗಾಳಿಯಲ್ಲಿ ಮತ್ತೆ ಅವಳದೇ ದನಿ ಬಂತು. ಮೈಸೂರಿಗೆ ಹೋಗುವ ಗಾಡಿ ಇನ್ನು ಕೆಲವೇ ನಿಮಿಷಗಳಲ್ಲಿ ಹೊರಡಲಿದೆ.

"ಹೋಗ್ತಿಯೇನು?"

"ಹೋಗ್ತೀನ್ರಿ." ಅವಳು ಎದ್ದು ಕೈ ಒರೆಸಿಕೊಂಡಳು. "ಸಿಟ್ಟಿಲ್ಲ. ಅಲ್ಲಿ ಕೆಲಸಾ ಛಲೋ ಐತಿ. ಈ ಹಳೇ ದನಿ ಕೇಳಿ ಕೇಳಿ ನನಗ ಸಾಕಾಗೇತಿ. ಈಗ ನಾ ಹೆಂಗ ಮಾತಾಡ್ತೀನಿ ಅಂತ ನಾನೂ ಒಮ್ಮೆ ಕೇಳಬೇಕು. ಮತ್ತ ಮಾತು ಅಂದ್ರ ಮಾತು. ನೀವು ಹುಡುಕಲಿಲ್ಲ."

"ಇಲ್ಲ," ಎಂದ ಗದಿಗೆಪ್ಪ.

ಅವನು ಸೂಟ್‌ಕೇಸು ಎತ್ತಿಕೊಂಡ. ಗಾಲಿ ಇತ್ತು, ಆದರೂ ಎತ್ತಿಕೊಂಡ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದರು. ತಲೆಯ ಮೇಲೆ ಮೂವತ್ತರ ಒಳಗಿನ ನೀಲಗಂಗಾ ಮಾತಾಡುತ್ತಿದ್ದಳು, ಪಕ್ಕದಲ್ಲಿ ಈಗಿನ ನೀಲಗಂಗಾ ಸುಮ್ಮನಿದ್ದಳು. ಅವನು ಪಕ್ಕದವಳನ್ನೇ ಕೇಳಿಸಿಕೊಳ್ಳುತ್ತ ನಡೆದ.

ಬೋಗಿ ಹತ್ತಿ ಬಾಗಿಲಲ್ಲಿ ನಿಂತು ಅವಳು ಅವನ ಟೋಪಿಯನ್ನು ತೆಗೆದು, ಅದರ ಮೇಲಿನ ತಗಡಿನ ತುಕ್ಕು ಊದಿ, ಮತ್ತೆ ಇಟ್ಟಳು.

"ಒಂದು ಆದಿತವಾರ ಬಾ. ಮೈಸೂರಾಗ ಎಲ್ಲಿರ್ತೀನಂತ ಹೇಳೂದಿಲ್ಲ. ಚುಕ್ಕಿ ನೋಡಂಗಿಲ್ಲ," ಎಂದಳು. ಆಮೇಲೆ, ಮದುವೆಯಾದಾಗಿನಿಂದ ಕರೆಯದ ಹೆಸರಿನಿಂದ: "ಎರಡು ವರ್ಷ ಐತಿ. ಕಲಿ, ಗದಿಗ್ಯಾ."

ಗಾಡಿ ಹೊರಟಿತು. ಕೆಂಪು ಸೆರಗು ಬಾಗಿಲಲ್ಲಿ ಕಾಣುವಷ್ಟು ದೂರ ಕಂಡಿತು. ಅವನು ಫೋನು ತೆಗೆಯಲಿಲ್ಲ.

ನೀ ಎಲ್ಲೇ ಕಳೆದರೂ ನಾನೇ ಹುಡುಕುತ್ತೇನೆ, ಯಾರನ್ನೂ ಕೇಳುವುದಿಲ್ಲ ಎಂದು ಗದಿಗೆಪ್ಪ ಹೊಂಬಳ ಮಾತು ಕೊಟ್ಟಿದ್ದ. ಅವನು ಕೇಳಿದ. ಹುಡುಕಲಿಲ್ಲ. ಹುಡುಕಿದವಳು ನೀಲಗಂಗಾ, ಎರಡು ಸಲವೂ.